ನಲವತ್ತು ಮನೆಗೆ ಒಂದೇ ಮರ

"ಇದು ನಮ್ದೇ ಮರ ಕಣವ್ವ. ನಮ್ಮತ್ತೆ ಕಾಲದಿಂದ್ಲೂ ನಮ್ದೇ," ಎಂದು ಹುಚ್ಚಕ್ಕ ಫೋನಿನ ಪರದೆಯ ಮೇಲಿದ್ದ ತೆಂಗಿನ ಮರವನ್ನು ಉಗುರಿನಿಂದ ತಟ್ಟಿದಳು.

"ಹಂಗಾದ್ರೆ ತೋರ್ಸಕ್ಕ. ಎಲ್ಲೈತೆ?" ಎಂದಳು ಗಂಗಲಕ್ಷ್ಮಿ.

ಹುಚ್ಚಕ್ಕ ಸೆರಗು ಸರಿಮಾಡಿಕೊಂಡಳು. ಅಂಗಳಕ್ಕೆ ಬಂದಿದ್ದ ಕೋಳಿಯನ್ನು ಸುಮ್ಮನೆ ಓಡಿಸಿದಳು. ಆಮೇಲೆ ತೋಟದ ಕಡೆ ಕೈ ಬೀಸಿ, "ಅಲ್ಲೇ ಎಲ್ಲೋ ಐತೆ ಬುಡು. ಇಷ್ಟು ಮರದಾಗೆ ಒಂದು ಮರ ಹುಡ್ಕಕ್ಕಾಯ್ತದಾ?" ಎಂದಳು.

ಅತ್ತ ನೆಟ್ಟ ಗೂಟಕ್ಕೆ ಕಾಯಿ ಕುಕ್ಕಿ ಸಿಪ್ಪೆ ಸುಲಿಯುತ್ತಿದ್ದ ಅವಳ ಗಂಡ ಸಣ್ಣತಿಮ್ಮಯ್ಯ ಬೆನ್ನು ತಿರುಗಿಸಿಕೊಂಡೇ ನಕ್ಕ. ಹೆಂಡತಿ ಸುಳ್ಳು ಹೇಳುವಾಗ ಗಂಡ ನಗುವ ನಗೆ ಯಾವುದು ಅಂತ ಗಂಗಲಕ್ಷ್ಮಿಗೆ ಚೆನ್ನಾಗಿ ಗೊತ್ತು. ಅವಳ ಹೊಟ್ಟೆಪಾಡೇ ಅದು.

ತಿಪಟೂರಿನಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡಿರುವ ಹೆಂಗಸು ಅವಳೊಬ್ಬಳೇ. ಕೆಲಸದಲ್ಲಿ ಮುಕ್ಕಾಲು ಪಾಲು ಮದುವೆಗೆ ಮುಂಚೆ ಗಂಡು ವಿಚಾರಿಸುವುದು: ಹುಡುಗ ಕುಡಿಯುತ್ತಾನಾ, ಹೇಳಿಕೊಂಡಷ್ಟು ತೋಟ ಇದೆಯಾ, ಕೂದಲು ಸ್ವಂತದ್ದಾ. ಕೊಲೆಗಿಲೆ ಅವಳ ಪಾಲಿಗೆ ಇನ್ನೂ ಬಂದಿಲ್ಲ. ಬಂದಿರುವುದು ಈ ಮರ.

ಈ ಮರಕ್ಕಾಗಿಯೇ ಅವಳ ಪಕ್ಕದಲ್ಲಿ ಶಿಲ್ಪ ಉಗುರು ಕಚ್ಚುತ್ತ ನಿಂತಿದ್ದಳು. ತೆಂಗು ಬೆಳೆಗಾರರ 'ಕಲ್ಪಬಳಗ' ಸಂಘದ ಆ್ಯಪನ್ನು ಹೊಸದಾಗಿ ರೂಪಿಸಿದವಳು ಅವಳೇ. ಹಳೆಯ ಆ್ಯಪ್‌ನಲ್ಲಿ ಸುತ್ತೋಲೆಗಳ ಹೊರತು ಏನೂ ಇರಲಿಲ್ಲ. ಅದನ್ನು ಯಾರೂ ತೆರೆಯುತ್ತಲೂ ಇರಲಿಲ್ಲ. ಶಿಲ್ಪ ಟೈಪು ಮಾಡುವ ಕಷ್ಟ ತೆಗೆದು ಬಾಯಲ್ಲೇ ಮಾತಾಡುವ ಹಾಗೆ ಮಾಡಿದಳು, 'ನಮ್ಮ ಮರ' ಅಂತ ಒಂದು ಮೂಲೆ ಇಟ್ಟಳು. ನಿಮ್ಮ ತೋಟದ ಒಳ್ಳೆಯ ಮರದ ಫೋಟೊ ಹಾಕಿ, ನೋಡಿದವರು 'ಭೇಷ್' ಗುಂಡಿ ಒತ್ತಲಿ. ಮೂರು ತಾಲ್ಲೂಕಿನ ಜನ ಮುಗಿಬಿದ್ದರು. ಆಮೇಲೆ ಸಂಘದ ಕಾರ್ಯದರ್ಶಿ ರೇಣುಕಪ್ರಸಾದ್ ಕಂಡುಹಿಡಿದದ್ದು ಏನೆಂದರೆ, ನಲವತ್ತು ಜನ ಹಾಕಿದ 'ನಮ್ಮ ಮರ' ಒಂದೇ ಮರ!

ಒಂದೇ ಫೋಟೊ, ನಲವತ್ತು ಕಳ್ಳ ಹೆಸರು, ಎಲ್ಲ ಶಿಲ್ಪ ಕೂತು ಹುಟ್ಟಿಸಿದ ಸದಸ್ಯರು ಎಂದು ಅವನು ಕಮಿಟಿಯಲ್ಲಿ ಮೇಜು ಗುದ್ದಿದ್ದ. ನಾಳೆ ಭಾನುವಾರ ಸರ್ವಸದಸ್ಯರ ಸಭೆ. ಅಷ್ಟರಲ್ಲಿ ನಿಜ ತೋರಿಸದಿದ್ದರೆ ಅವಳನ್ನು ಸಂಘದಿಂದ ಹೊರಗೆ ಹಾಕುವುದು ಮಾತ್ರವಲ್ಲ, ಮೋಸಗಾತಿ ಎಂದು ಎಲ್ಲರ ಮುಂದೆ ಹೇಳಿ ಹಾಕುತ್ತಾರೆ. ಸಣ್ಣ ಊರಿನಲ್ಲಿ ಅಂಥ ಹೆಸರು ಒಮ್ಮೆ ಅಂಟಿತೆಂದರೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದರೂ ಹೋಗುವುದಿಲ್ಲ.

ಗಂಗಲಕ್ಷ್ಮಿ ಬಾವಿಯ ಕಡೆ ನಡೆದಳು. ಅಲ್ಲೊಂದು ಮರ ಕಾಯಿಯ ಭಾರಕ್ಕೆ ಬಳುಕುತ್ತಿತ್ತು. ಅದರ ಸೊಂಟಕ್ಕೆ ಹಳೆಯ ಹವಾಯಿ ಚಪ್ಪಲಿ, ಅದರ ಮೇಲೆ ಸವೆದ ಪೊರಕೆ, ಅದರ ಮೇಲೆ ಕಣ್ಣು ಮೂಗು ಬರೆದ ಒಡಕು ಮಡಕೆ.

"ಇದಕ್ಯಾಕಕ್ಕ ಚಪ್ಪಲಿ ಕಟ್ಟಿದ್ದೀಯ?"

"ಕಾಯಿ ನೋಡು ಹೆಂಗವೆ. ಕಣ್ಣು ಬೀಳಲ್ವಾ?"

"ಫೋನಿನಾಗಿರೋ ಮರಕ್ಕೆ ಇದಕ್ಕಿಂತ ಕಾಯಿ ಜಾಸ್ತಿ ಅವೆ. ಅದಕ್ಯಾಕೆ ಒಂದು ಚಪ್ಪಲೀನೂ ಇಲ್ಲ?"

ಗೂಟದ ಕಡೆಯಿಂದ ಸಣ್ಣತಿಮ್ಮಯ್ಯ, "ಸಿಕ್ಕಾಕ್ಕೊಂಡ್ಲು ಕಣಪ್ಪೋ!" ಎಂದು ಹಾಡು ಹೇಳಿದ ಹಾಗೆ ಕೂಗಿದ.

"ನೀನು ಕಾಯಿ ಸುಲಿ, ನನ್ನ ಸುಲೀಬ್ಯಾಡ," ಎಂದು ಗಂಡನಿಗೆ ಗದರಿ ಹುಚ್ಚಕ್ಕ ಸೊಂಟಕ್ಕೆ ಕೈ ಇಟ್ಟಳು. "ಹೂಂ ಕಣೇ, ನಮ್ದಲ್ಲ! ಏನೀಗ? ನಮ್ಮನೆ ಮರಾನ ಎಲ್ರ ಮುಂದೆ ನಿಲ್ಸಿ, ಊರಿಗೂರೇ ಭೇಷ್ ಭೇಷ್ ಅಂದ್ರೆ ಅದು ಉಳೀತದಾ? ಮಗು ಚಂದಾಗೈತೆ ಅಂದೋರು ಅಲ್ಲೇ ನೆಟಿಕೆ ಮುರ್ದು ದೃಷ್ಟಿ ತೆಗೀತಾರೆ. ನಿಮ್ಮ ಫೋನು ಮುರೀತದಾ ನೆಟಿಕೆ?"

ಶಿಲ್ಪ ಕಚ್ಚುತ್ತಿದ್ದ ಉಗುರನ್ನು ಬಿಟ್ಟಳು.

"ಮತ್ತೆ ಫೋಟೊ ಯಾಕೆ ಹಾಕಿದ್ರಿ ಅಕ್ಕ?"

"ಎಲ್ರೂ ಹಾಕ್ತಾವ್ರೆ, ನಾನೊಬ್ಳು ಹಾಕ್ದೇ ಇದ್ರೆ ಇವ್ರ ತೋಟದಾಗೆ ಒಂದು ನೆಟ್ಟಗಿರೋ ಮರ ಇಲ್ಲ ಅನ್ಕೊಳಲ್ವಾ? ಭೇಷ್ ಅನ್ನಿಸ್ಕಬೇಕು, ಮರಾನೂ ಉಳೀಬೇಕು. ಇನ್ನೊಬ್ರ ಮರದ ಫೋಟೊ ಹಾಕ್ದೆ."

ಗಂಗಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಕಳ್ಳತನವೂ ಅಲ್ಲ, ಮೋಸವೂ ಅಲ್ಲ. ತಮ್ಮ ಮರದ ಮೇಲಿನ ಪ್ರೀತಿ. ಕಂದಿಕೆರೆಯ ಹುಚ್ಚಕ್ಕನಿಗೆ ಹೊಳೆದದ್ದು ಹುಳಿಯಾರಿನವರಿಗೂ ಹೊಳೆದಿರಬೇಕು, ಅರಳಗುಪ್ಪೆಯವರಿಗೂ ಹೊಳೆದಿರಬೇಕು.

"ಇದನ್ನೇ ನಾಳೆ ಸಭೇಲಿ ಬಂದು ಹೇಳಕ್ಕ. ಈ ಹುಡುಗಿ ಮರ್ಯಾದೆ ಉಳೀತದೆ. ಮರ ಯಾರದ್ದು ಅಂತ್ಲೂ ಹೇಳು."

"ಸತ್ರೂ ಹೇಳಲ್ಲ!" ಹುಚ್ಚಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ಇನ್ನೊಬ್ರ ಮರಾನ ಕಣ್ಣಿಗೆ ಕೊಟ್ಟೆ ಅಂತ ನನ್ನ ಬಾಯಿಂದ್ಲೇ ಅನ್ನಿಸ್ತೀಯಾ? ನಾಳೆ ಅದೊಂದು ಗರಿ ಉದುರ್ಸಿದ್ರೂ ಹುಚ್ಚಕ್ಕನೇ ಒಣಗ್ಸಿದ್ಲು ಅಂತಾರೆ." ಆಮೇಲೆ ಶಿಲ್ಪಳ ಮುಖ ನೋಡಿ ಕರಗಿ, ಅವಳ ಕೈಗೆ ಎರಡು ಸುಲಿದ ಕಾಯಿ ಇಟ್ಟಳು. "ಅಳಬ್ಯಾಡ ಕಣವ್ವ. ಆ ಮರಕ್ಕೇನೂ ಆಗಲ್ಲ ಬುಡು. ದೃಷ್ಟಿ ನಂಬದೇ ಇರೋರ ಮರಕ್ಕೆ ಯಾವ ಕಣ್ಣೂ ತಾಕಲ್ಲ."

ಆ ಕೊನೆಯ ಮಾತನ್ನು ಗಂಗಲಕ್ಷ್ಮಿ ಸೆರಗಿಗೆ ಗಂಟು ಹಾಕಿಕೊಂಡು ಸ್ಕೂಟರ್ ಹತ್ತಿದಳು.

*

ತಿಪಟೂರಿನ ಮನೆಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬಾಗಿಲ ಮೇಲಿನ ಗೂಡಿಗೆ ಕೈ ಹಾಕಿ ಬೀಗದ ಕೈ ತೆಗೆದಳು. ಊರಿಗೆಲ್ಲ ಹುಷಾರು ಹೇಳುವ ಪತ್ತೇದಾರಿಣಿಯ ಬೀಗದ ಕೈ ಎಲ್ಲಿರುತ್ತದೆ ಎನ್ನುವುದು ಆ ಬೀದಿಯ ಬೆಕ್ಕಿಗೂ ಗೊತ್ತಿತ್ತು.

ನಡುಮನೆಯ ಮೇಲೆ ಅಟ್ಟ. ಕೊಬ್ಬರಿಗೆಂದು ಕಾಯಿ ತುಂಬಿ ವರ್ಷಗಟ್ಟಲೆ ಒಣಗಿಸುವ ಆ ಅಟ್ಟ ಈ ಸಲ ಖಾಲಿ; ಫಸಲನ್ನೆಲ್ಲ ಎಳನೀರಿಗೇ ಕೊಟ್ಟುಬಿಟ್ಟಿದ್ದಳು. ಅಟ್ಟದೊಳಗೆ ಸೂರಿನ ಕಡೆಯ ಒಂದು ತೊಲೆಗೆ ಗೆದ್ದಲು ಹಿಡಿದು, ಅದರಡಿ ಮುರಿದ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಕಾಲೊಂದನ್ನು ಒತ್ತು ಕೊಟ್ಟಿದ್ದಳು. ಬಡಗಿಯನ್ನು ಕರೆಸಬೇಕು ಎಂದು ಹೋದ ಯುಗಾದಿಯಿಂದಲೂ ಅಂದುಕೊಳ್ಳುತ್ತಿದ್ದಳು.

"ಶಿಲ್ಪ, ಆ ನಲವತ್ತೂ ಫೋಟೊ ದೊಡ್ಡದಾಗಿ ತೋರ್ಸೇ," ಎಂದು ಕಾಫಿ ತಂದು ಕೂತಳು.

"ಎಲ್ಲ ಒಂದೇ ಅಲ್ವಾ ಅಕ್ಕ. ನಲವತ್ತು ಬೇರೆ ಬೇರೆ ಫೋನಿಂದ ಬಂದಿವೆ ಅಂತ ನನ್ನ ಲೆಕ್ಕ ಹೇಳುತ್ತೆ. ಆದ್ರೆ ಆ್ಯಪ್ ಮಾಡ್ದೋಳೇ ನೀನು, ಲೆಕ್ಕಾನೂ ನೀನೇ ಬರ್ಕೊಂಡಿರ್ತೀಯ ಅಂತಾರೆ ಸೆಕ್ರೆಟ್ರಿ."

"ಲೆಕ್ಕ ಬ್ಯಾಡ. ನೆರಳು ನೋಡು."

ಶಿಲ್ಪ ಬಗ್ಗಿ ನೋಡಿದಳು. ಒಂದು ಫೋಟೊದಲ್ಲಿ ಮರದ ನೆರಳು ಎಡಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಿತ್ತು. ಇನ್ನೊಂದರಲ್ಲಿ ಬುಡದಲ್ಲೇ ಮುದುಡಿ ಕೂತಿತ್ತು. ಮತ್ತೊಂದರಲ್ಲಿ ಬಲಕ್ಕೆ ಹೊರಳಿ ಕಾಂಪೌಂಡ್ ಗೋಡೆ ಹತ್ತಿತ್ತು.

"ಅಯ್ಯೋ! ಇವು ಕಾಪಿ ಹೊಡೆದ ಒಂದೇ ಫೋಟೊ ಅಲ್ಲ!"

"ಒಬ್ಬೊಬ್ರೂ ಅವರವರ ಫೋನಲ್ಲಿ, ಒಂದೇ ದಿನ ಒಬ್ಬರಾದ ಮೇಲೆ ಒಬ್ಬರು ಹೊಡ್ದವ್ರೆ. ಈಗ ಬುಡ ನೋಡು. ಸಿಮೆಂಟಿನ ಕಟ್ಟೆ, ಬಚ್ಚಲ ನೀರಿನ ಪೈಪು. ತೋಟದ ಮರ ಅಲ್ಲ ಇದು, ಹಿತ್ತಲ ಮರ. ಅದಕ್ಕೇ ಇಷ್ಟು ಕಾಯಿ. ಪಕ್ಕದಾಗೆ ನೀರಿನ ಡ್ರಮ್ಮು, ಚೊಂಬು. ಮೂಲೇಲಿ ಇದೇನು?"

"ಬಾಳೆಲೆ... ಉಂಡ ಎಲೆ!"

"ಊಟ ಮುಗ್ಸಿ ಕೈ ತೊಳೆಯಕ್ಕೆ ಬಂದೋರು ತಲೆ ಎತ್ತಿ ನೋಡವ್ರೆ, ಫೋನ್ ತೆಗೆದವ್ರೆ. ನೆರಳು ಎಡಕ್ಕಿದ್ರೆ ಮೊದಲ್ನೇ ಪಂಕ್ತಿ, ಗೋಡೆ ಹತ್ತಿದ್ರೆ ಕೊನೇ ಪಂಕ್ತಿ. ನಮ್ಮ ಹುಚ್ಚಕ್ಕ ನಡುವಿನ ಪಂಕ್ತೀಲಿ ಉಂಡವ್ಳೆ." ಗಂಗಲಕ್ಷ್ಮಿ ಕಾಫಿ ಹೀರಿದಳು. "ಈಗ ಹೇಳು. ಕಂದಿಕೆರೆ, ಹುಳಿಯಾರು, ಅರಳಗುಪ್ಪೆ, ಎಲ್ಲ ಕಡೆಯೋರ್ನೂ ಊಟಕ್ಕೆ ಕರೆದೋರು ಯಾರು?"

ಶಿಲ್ಪ ಎದ್ದೇ ನಿಂತಳು. "ಗೃಹಪ್ರವೇಶ! ರೇಣುಕಪ್ರಸಾದ್ ಅವ್ರದ್ದು! ಆ್ಯಪಲ್ಲೇ ಸದಸ್ಯರನ್ನೆಲ್ಲ ಕರೆದಿದ್ರು. ನಂಗೆ ಆವತ್ತು ಜ್ವರ, ಹೋಗಿರ್ಲಿಲ್ಲ."

"ನನ್ನ ಕರೆದೇ ಇರ್ಲಿಲ್ಲ." ಅದಕ್ಕೆ ಕಾರಣವಿತ್ತು. ರೇಣುಕಪ್ರಸಾದನ ತಮ್ಮನನ್ನು ವಿಚಾರಿಸಲು ಬಂದ ಹೆಣ್ಣಿನ ಕಡೆಯವರಿಗೆ ಗಂಗಲಕ್ಷ್ಮಿ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಆ ಸಂಬಂಧ ಅಲ್ಲಿಗೇ ಮುರಿದಿತ್ತು.

"ದೃಷ್ಟಿ ನಂಬದೇ ಇರೋರ ಮರ ಅಂದ್ಲಲ್ಲ ಹುಚ್ಚಕ್ಕ, ಅದೂ ಸರಿಹೋಯ್ತು ಅಕ್ಕ! 'ದೃಷ್ಟಿ ಗಿಷ್ಟಿ ಎಲ್ಲ ಮೂಢನಂಬಿಕೆ, ಮರಕ್ಕೆ ಕಟ್ಟಿರೋ ಚಪ್ಪಲಿ ಬಿಚ್ಚಿ' ಅಂತ ಅವ್ರು ಆ್ಯಪಲ್ಲಿ ಭಾಷಣ ಹಾಕಿದ್ರು. ಅದಕ್ಕೇ ಎಲ್ಲ ಧೈರ್ಯವಾಗಿ ಅವ್ರ ಮರಾನೇ ಹಿಡ್ಕೊಂಡಿದ್ದಾರೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಗಡಿಬಿಡಿಯಲ್ಲಿ ಅಟ್ಟದಿಂದ ಒಂದಿಷ್ಟು ಧೂಳು ಉದುರಿ ಗಂಗಲಕ್ಷ್ಮಿಯ ಕಾಫಿಗೆ ಬಿತ್ತು.

"ಇಲಿ ಸೇರ್ಕೊಂಡವೆ ಅಂತ ಕಾಣ್ತದೆ," ಎಂದು ಅವಳು ಲೋಟವನ್ನು ಪಕ್ಕಕ್ಕಿಟ್ಟಳು.

ಶಿಲ್ಪ ಆಗಲೇ ಒಂದು ಹಳೆಯ ಲಗ್ನಪತ್ರಿಕೆಯ ಹಿಂದೆ ಏನೋ ಗೀಚುತ್ತಿದ್ದಳು. ಭೇಷ್ ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿ, ಅದರ ಮೇಲೆ ಮಡಿಸಿದ ಎರಡು ಕೈ. "ನೆಟಿಕೆ ಗುಂಡಿ ಅಕ್ಕ. ಭೇಷ್ ಅಂದೋರು ಇದನ್ನ ಒತ್ತಲೇಬೇಕು, ಲಟಲಟ ಅಂತ ಸದ್ದು ಬರ್ಬೇಕು. ಬಂದ್ರೆ ಜನ ಸ್ವಂತ ಮರ ತೋರಿಸ್ತಾರೆ. ತಪ್ಪು ಅವ್ರದ್ದಲ್ಲ, ನಂದೇ. ಜನ ಹೆಂಗೆ ಹೊಗಳ್ತಾರೆ ಅಂತ ನೋಡ್ದೆ, ಹೊಗಳಿದ ಮೇಲೆ ಏನ್ ಮಾಡ್ತಾರೆ ಅಂತ ನೋಡ್ಲಿಲ್ಲ."

ಎಷ್ಟೋ ದಿನದ ಮೇಲೆ ಆ ಹುಡುಗಿಯ ಮುಖ ಅರಳಿತ್ತು. ಗಂಗಲಕ್ಷ್ಮಿಗೆ ಅದನ್ನು ನೋಡಿ ಖುಷಿಯಾಯಿತು. ಈ ಮುಖ ನಾಳೆ ಸಂಜೆಯೂ ಹೀಗೇ ಇರಬೇಕು ಅಂತ ಒಳಗೊಳಗೇ ಹಟ ಹುಟ್ಟಿತು.

"ಗುಂಡಿ ಆಮೇಲೆ. ಫೋನ್ ನನ್ನ ಬ್ಯಾಗಿಗೆ ಹಾಕು, ಹೊರಡು," ಎಂದಳು. "ಸ್ವಂತ ಹಿತ್ತಲ ಮರಾನ ಗುರುತು ಹಿಡೀದೇ ಇರೋ ಮನುಷ್ಯ ಹೆಂಗಿರ್ತಾನೆ ಅಂತ ನೋಡ್ಬೇಕು."

*

"ಮರಾನಾ? ನಮ್ಮ ಹಿತ್ಲಲ್ಲಾ?" ರೇಣುಕಪ್ರಸಾದ್ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು. ಮನೆಯಲ್ಲಿದ್ದಾಗಲೂ ಸಭೆಗೆ ಹೊರಟವನ ಹಾಗೆ ಇರುವ ಮನುಷ್ಯ. "ಯಾವ ಮರಾನೂ ಇಲ್ಲಮ್ಮ. ನಾಳೆ ಸಭೇಲಿ ಮಾತಾಡೋಣ, ಹೋಗಿ."

"ಆಯ್ತು ಸಾರ್. ಸ್ಕೂಟರಲ್ಲಿ ಬಂದ್ವಿ, ಕೈಕಾಲೆಲ್ಲ ಧೂಳು. ಒಂಚೂರು ತೊಳ್ಕೊಂಡು ಹೋಗ್ತೀವಿ."

"ನೀರು ಬರ್ತಿಲ್ಲ."

"ಯಾಕ್ ಬರ್ತಿಲ್ಲ? ಡ್ರಮ್ ತುಂಬೈತೆ," ಎಂದು ಒಳಗಿನಿಂದ ಅವನ ತಾಯಿ ದ್ರಾಕ್ಷಾಯಣಮ್ಮನ ದನಿ ಬಂತು. "ಯಾರಪ್ಪ ಬಂದಿರೋದು? ಹೆಣ್ಣುಮಕ್ಕಳನ್ನ ಬಾಗಿಲಲ್ಲೇ ನಿಲ್ಲಿಸ್ತಾರೇನೋ? ಬನ್ನಿ ಕಣ್ರವ್ವ, ಹಿಂಗೇ ಹಿತ್ತಲಿಗೆ ಬನ್ನಿ."

ತಾಯಿ ಕರೆದ ಮೇಲೆ ಮಗ ತಡೆಯುವ ಹಾಗಿಲ್ಲ. ಗಂಗಲಕ್ಷ್ಮಿ ಅವನ ಪಕ್ಕದಲ್ಲೇ ನುಸುಳಿ ನಡುಮನೆ ದಾಟಿ ಹಿತ್ತಲ ಬಾಗಿಲು ತೆಗೆದಳು. ತೆಗೆದವಳು ಹೊಸ್ತಿಲಲ್ಲೇ ನಿಂತಳು. ಹಿಂದಿದ್ದ ಶಿಲ್ಪ ಅವಳ ಭುಜದ ಮೇಲಿಂದ ಇಣುಕಿ, "ಅಬ್ಬಬ್ಬಾ!" ಎಂದಳು.

ಮರ ಇತ್ತು. ಅದೇ ಸಿಮೆಂಟು ಕಟ್ಟೆ, ಅದೇ ಪೈಪು. ಆದರೆ ಬುಡದಿಂದ ಆಳೆತ್ತರದವರೆಗೆ ಮರದ ತೊಗಟೆ ಕಾಣುತ್ತಿರಲಿಲ್ಲ. ಚಪ್ಪಲಿ, ಬೂಟು, ಮಕ್ಕಳ ಸ್ಯಾಂಡಲ್ಲು, ಪೊರಕೆ, ಮೊರ, ನಿಂಬೆಹಣ್ಣು ಮೆಣಸಿನಕಾಯಿಯ ಸರ, ನಾಲಿಗೆ ಚಾಚಿದ ಮಡಕೆಯ ಮುಖಗಳು. ಚಪ್ಪಲಿ ಅಂಗಡಿಯೊಂದು ಮರ ಹತ್ತಿ ಕೂತ ಹಾಗಿತ್ತು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಗಂಗಲಕ್ಷ್ಮಿ ಹುಟ್ಟಿದಾರಭ್ಯ ನೋಡಿರಲಿಲ್ಲ.

"ಇದು... ಅಮ್ಮ ಕಟ್ಟಿರೋದು," ಎಂದ ರೇಣುಕಪ್ರಸಾದ್.

"ನಾನ್ಯಾಕಪ್ಪ ಕಟ್ಲಿ?" ದ್ರಾಕ್ಷಾಯಣಮ್ಮ ಬಾಗಿಲಿಗೆ ಬಂದು ನಿಂತಿದ್ದರು. "ಇವನೇ ಕಣವ್ವ. ಫೋನಲ್ಲಿ ಫೋಟೊ ಬರಕ್ಕೆ ಶುರುವಾದಾಗಿಂದ ದಿನಾ ಒಂದು ಕಟ್ತಾನೆ. ಈಗ ನನ್ನ ಕಾಲಿಗೆ ಮೆಟ್ಟೇ ಇಲ್ಲ ನೋಡು."

ರೇಣುಕಪ್ರಸಾದ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ಗಂಗಲಕ್ಷ್ಮಿ ಅವನೆದುರು ನಿಂತಳು. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

"ನಿಮ್ಮದೇ ಮರ ಅಂತ ಮೊದಲ್ನೇ ದಿನಾನೇ ಗೊತ್ತಿತ್ತು ನಿಮ್ಗೆ."

"ಗೊತ್ತಿತ್ತು."

"ಫೋಟೊ ಅಳ್ಸಿ ಅಂತ ನೇರವಾಗಿ ಕೇಳ್ಬೋದಿತ್ತು."

"ಹೆಂಗ್ ಕೇಳ್ಲಿ? ದೃಷ್ಟಿ ಇಲ್ಲ ಅಂತ ಭಾಷಣ ಮಾಡಿದ್ದೀನಿ. ಅದೇ ಬಾಯಲ್ಲಿ ದೃಷ್ಟಿ ಆಗ್ತಿದೆ, ಫೋಟೊ ಅಳ್ಸಿ ಅನ್ಲಾ? ದಿನಾ ನೂರಾರು ಜನ ಭೇಷ್ ಅಂತಿದ್ರು ಕಣ್ರೀ. ನಂಗೆ ನಿದ್ದೇನೇ ಬರ್ತಿರ್ಲಿಲ್ಲ. ಆ್ಯಪೇ ಮುಚ್ಚಿಹೋದ್ರೆ ಮರ ಉಳೀತದೆ ಅಂತ..."

"ಅದಕ್ಕೆ ನನ್ನ ಕಳ್ಳಿ ಮಾಡಿದ್ರಾ ಸಾರ್?" ಶಿಲ್ಪ ಕೇಳಿದಳು. ದನಿ ಸಣ್ಣಗಿತ್ತು, ನಡುಗಲಿಲ್ಲ. "ನಮ್ಮಮ್ಮ ಎರಡು ದಿನದಿಂದ ಅಂಗಡಿಗೆ ಹೋಗಿಲ್ಲ, ಜನ ಕೇಳ್ತಾರೆ ಅಂತ."

ರೇಣುಕಪ್ರಸಾದ್ ತಲೆ ತಗ್ಗಿಸಿದ. ಮನುಷ್ಯ ಕೆಟ್ಟವನಲ್ಲ, ಹೆದರುಪುಕ್ಕಲ. ಹೆದರಿದವನು ಮಾಡುವಷ್ಟು ಅನ್ಯಾಯವನ್ನು ಕೆಟ್ಟವನೂ ಮಾಡುವುದಿಲ್ಲ. ಅವನು ಜೇಬಿನಿಂದ ಫೋನು ತೆಗೆದ.

"ತಪ್ಪಾಯ್ತಮ್ಮ. ನಾಳೆವರೆಗೂ ಯಾಕೆ? ಈಗ್ಲೇ ಆ್ಯಪಲ್ಲಿ ಎಲ್ರಿಗೂ ನನ್ನ ಬಾಯಲ್ಲೇ ಹೇಳ್ತೀನಿ."

ಅವನು ಮಾತಿನ ಗುಂಡಿಯನ್ನು ಒತ್ತಿ ಹಿಡಿದು ಗಂಟಲು ಸರಿಮಾಡಿಕೊಂಡ. "ಸದಸ್ಯ ಬಾಂಧವರೇ, ಶಿಲ್ಪ ಅವರ ಬಗ್ಗೆ ನಾನು ಮಾಡಿದ ಆರೋಪ..."

"ಅಯ್ಯೋ ಶಿವನೇ!" ದ್ರಾಕ್ಷಾಯಣಮ್ಮ ಕಿರುಚಿದರು. "ಗೊನೆ ಎಲ್ಲೋ?"

ಅಷ್ಟು ಹೊತ್ತೂ ಎಲ್ಲರ ಕಣ್ಣು ಬುಡದ ಚಪ್ಪಲಿಗಳ ಮೇಲೇ ಇತ್ತು. ತಲೆ ಎತ್ತಿ ನೋಡಿದವರು ಯಾರೂ ಇರಲಿಲ್ಲ. ಈಗ ನಾಲ್ವರೂ ನೋಡಿದರು. ಫೋಟೊಗಳಲ್ಲಿ ಕಾಯಿ ತುಂಬಿ ಜೋತಾಡುತ್ತಿದ್ದ ಗೊನೆಗಳು ಒಂದೂ ಇರಲಿಲ್ಲ. ಸುಳಿ, ಗರಿ, ಅದರಾಚೆ ಆಕಾಶ. ಗೊನೆ ಕಡಿದ ಜಾಗದಲ್ಲಿ ಹಸಿ ಗಾಯ ಬೆಳ್ಳಗೆ ಕಾಣುತ್ತಿತ್ತು.

"ಬೆಳಗ್ಗೆ ಹಲ್ಲುಜ್ಜುವಾಗ ಇತ್ತು," ರೇಣುಕಪ್ರಸಾದ್ ತೊದಲಿದ. ಹಿಡಿದಿದ್ದ ಗುಂಡಿಯಿಂದ ಅವನ ಬೆರಳು ಜಾರಿತು. ಹೇಳುತ್ತಿದ್ದ ಮಾತು ಅರ್ಧಕ್ಕೇ ಅಳಿಸಿಹೋಯಿತು. "ಆಮೇಲೆ ಬೀಗರ ಮನೆಗೆ ಅಂತ ಹೋಗಿದ್ವಿ, ಈಗಷ್ಟೇ ಬಂದ್ವಿ..."

ಅಷ್ಟರಲ್ಲಿ ಅವನ ಫೋನು ಟಿಂಗ್ ಎಂದಿತು. ಗಂಗಲಕ್ಷ್ಮಿಯ ಬ್ಯಾಗಿನಲ್ಲಿದ್ದ ಶಿಲ್ಪಳ ಫೋನೂ ಟಿಂಗ್ ಎಂದಿತು. 'ನಮ್ಮ ಮರ' ಮೂಲೆಗೆ ಹೊಸ ಫೋಟೊ ಬಂದಿತ್ತು.

ರೇಣುಕಪ್ರಸಾದ್ ನೋಡಿದ. ಅವನ ಮುಖದಲ್ಲಿದ್ದ ಪಶ್ಚಾತ್ತಾಪ ಬತ್ತಿ, ಕಣ್ಣು ಕೆಂಪಾದವು.

"ನಮ್ಮ ಕಾಯಿ! ನಮ್ಮ ಮರದ ಕಾಯಿ, ಗೊನೆ ಸಮೇತ! ಹಾಕಿರೋರ ಹೆಸರು ನೋಡಿ..." ಅವನು ಫೋನನ್ನು ಶಿಲ್ಪಳ ಮುಖಕ್ಕೆ ಹಿಡಿದ. "ಶಿಲ್ಪ! ನೀನೇ! ಇಷ್ಟು ಹೊತ್ತು ನನ್ನ ಕೈಲಿ ಕ್ಷಮೆ ಕೇಳಿಸ್ಕೊಂಡ್ಯಲ್ಲ ತಾಯಿ!"

"ಸಾರ್, ನನ್ನ ಫೋನು ಅಕ್ಕನ ಬ್ಯಾಗಲ್ಲಿದೆ! ನಾನ್ ಹೆಂಗ್ ಹಾಕ್ಲಿ?"

"ಹೌದು ಸಾರ್, ಹೊರಟಾಗಿಂದ ನನ್ನ ಹತ್ರಾನೇ ಐತೆ," ಎಂದು ಗಂಗಲಕ್ಷ್ಮಿ ಬ್ಯಾಗಿನಿಂದ ಅದನ್ನು ತೆಗೆದು ತೋರಿಸಿದಳು. "ಯಾರೋ ಇವಳ ಹೆಸರಲ್ಲಿ ಹಾಕವ್ರೆ. ಕೋಪ ಮಾಡ್ಕೋಬೇಡಿ, ಕಾಯಿ ಎಲ್ಲಿಟ್ಟವ್ರೆ ಅಂತ ಫೋಟೊನೇ ಹೇಳ್ತದೆ. ಒಂದು ನಿಮಿಷ ಕೊಡಿ, ಹಿಡಿದುಕೊಡ್ತೀನಿ."

ಅವಳು ಫೋಟೊವನ್ನು ಬೆರಳಿನಿಂದ ಹಿಗ್ಗಿಸಿದಳು. ಅಟ್ಟ. ಅಟ್ಟದ ಹಲಗೆಯ ಮೇಲೆ ಸಾಲಾಗಿ ಗೊನೆಗಳು. ಧೂಳು. ಇನ್ನೂ ಹಿಗ್ಗಿಸಿದಳು. ಒಂದು ಮೂಲೆಯಲ್ಲಿ ಗೆದ್ದಲು ತಿಂದ ತೊಲೆ, ಆ ತೊಲೆಗೆ ಒತ್ತು ಕೊಟ್ಟ ಒಂದು ಕೆಂಪು ಪ್ಲಾಸ್ಟಿಕ್ ಕಾಲು.

ಕಾಫಿಗೆ ಬಿದ್ದ ಧೂಳು ಅವಳಿಗೆ ನೆನಪಾಯಿತು, ಬಾಗಿಲ ಮೇಲಿನ ಗೂಡಿನ ಬೀಗದ ಕೈಯೂ ನೆನಪಾಯಿತು. ಇಲಿಯಲ್ಲ, ಆಗಲೇ ಮೇಲೆ ಗೊನೆಗಳು ಕೂತಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಕೇಳಿ ಅವಳು ಎಷ್ಟೋ ಸಲ ನಕ್ಕಿದ್ದಳು.

ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಶಿಲ್ಪ ಅವಳ ಸೆರಗು ಜಗ್ಗಿದಳು. ಶಿಲ್ಪಳೂ ಗುರುತು ಹಿಡಿದಿದ್ದಳು.

"ಏನಮ್ಮ, ನಿಮಿಷ ಆಯ್ತು," ಎಂದ ರೇಣುಕಪ್ರಸಾದ್. "ಹೇಳು. ಯಾರ ಮನೆ ಅಟ್ಟ ಇದು?"

ಮೂರು ತಾಲ್ಲೂಕಿನ ಗಂಡುಗಳ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಿ ಅನ್ನ ತಿನ್ನುತ್ತಿದ್ದ ಗಂಗಲಕ್ಷ್ಮಿ, ಮೊದಲ ಸಲ, ಬಾಯಿ ತೆರೆದು ಹಾಗೇ ಮುಚ್ಚಿದಳು.